ಸೊಳ್ಳೆಮರಿಗಳಿಗೆ ಮೃತ್ಯುವಾದ ದುಂಡಾಣುಗಳು

ಮುಂಗಾರು ಮಳೆ ಬಿದ್ದು ಹೆಸರು ಬಿತ್ತುವ ಹೊತ್ತಿಗೆ ಮನೆಯ ಇಬ್ಬರು ಜ್ವರದಿಂದ ಮಲಗಿದರೆ ಆ ವರ್ಷದ ಬೇಸಾಯದ ಲೆಕ್ಕವೇ ತಪ್ಪುತ್ತದೆ. ಎರೆ ಭೂಮಿಯಲ್ಲಿ ಹದ ಸಿಕ್ಕುವುದು ನಾಲ್ಕಾರು ದಿನ ಮಾತ್ರ. ಹದ ತಪ್ಪಿದ ಮೇಲೆ ಒಳ್ಳೆಯ ಬೀಜ, ಗೊಬ್ಬರಗಳಿದ್ದರೂ ಇಳುವರಿ ಮೊದಲಿನಂತೆ ಬರುವುದಿಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಜ್ವರ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬಿದಾಗ ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲುನೋವಿನಿಂದ ಕುಂಟೆ, ಕುಡಗೋಲು ಹಿಡಿಯಲಾಗದೆ ಕುಳಿತವರು ಬಹಳ ಮಂದಿ. 2024ರಲ್ಲಿ ಡೆಂಗ್ಯೂ ಹೆಚ್ಚಾದುದರಿಂದ ರಾಜ್ಯ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಬೆಳೆಗೆ ಬರುವ ಕೀಟದಂತೆಯೇ ಬೆಳೆಗಾರನಿಗೆ ಬರುವ ಈ ಕೀಟವನ್ನೂ ರೈತರು ಅರಿತುಕೊಳ್ಳುವುದು ಅವಶ್ಯ.

ಸೊಳ್ಳೆ ಹಾರಲು ಕಲಿತ ಮೇಲೆ ಅದನ್ನು ಅಟ್ಟಿಸಿಕೊಂಡು ಹೋಗುವುದು ಕಷ್ಟದ ಕೆಲಸ. ನೀರಿನಲ್ಲಿ ಮರಿಯಾಗಿರುವಾಗಲೇ ಕೊಲ್ಲುವುದು ಸುಲಭ. ಇದಕ್ಕಾಗಿ ಈಗ ಎರಡು ಬಗೆಯ ದುಂಡಾಣುಗಳು ಬಳಕೆಯಲ್ಲಿವೆ. ಅವು ಎಲ್ಲಿಂದ ಬಂದವು, ಹೇಗೆ ಕೆಲಸ ಮಾಡುತ್ತವೆ, ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಲ್ಲಿ ಅವುಗಳನ್ನು ಎಲ್ಲಿ ಉಪಯೋಗಿಸಬಹುದು, ಎಲ್ಲಿ ಉಪಯೋಗಿಸಬೇಕಾಗಿಲ್ಲ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮಲ್ಲಿ ಸೊಳ್ಳೆ ಹುಟ್ಟುವ ತಾಣಗಳು

ಈ ಮೂರು ತಾಲೂಕುಗಳು ಅಕ್ಕಪಕ್ಕದಲ್ಲಿದ್ದರೂ ನೀರಿನ ವಿಷಯದಲ್ಲಿ ಒಂದೇ ತೆರನಾಗಿಲ್ಲ.

ನರಗುಂದ ಮತ್ತು ರೋಣದ ಒಂದು ಭಾಗಕ್ಕೆ ನವಿಲುತೀರ್ಥ ಜಲಾಶಯದಿಂದ ಮಲಪ್ರಭಾ ಬಲದಂಡೆ ಕಾಲುವೆಯ ನೀರು ಬರುತ್ತದೆ. ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೊಲಗಾಲುವೆಗಳಲ್ಲಿ ಹೂಳು ತುಂಬಿ, ಬಸಿಗಾಲುವೆಗಳು ಮುಚ್ಚಿಹೋಗಿ, ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿದಲ್ಲಿ ಭೂಮಿ ಸವಳು-ಜವಳಾಗುತ್ತದೆ. ಇಂತಹ ನಿಂತ ನೀರೇ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ತೊಟ್ಟಿಲು. ಮಂಡ್ಯ ಭಾಗದಲ್ಲಿ 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಹರಿದಾಗ ಮಲೇರಿಯಾ ಕೂಡ ಹೆಚ್ಚಿತ್ತು. ಬಸಿಯುವ ವ್ಯವಸ್ಥೆ ಇಲ್ಲದೆ ನೀರಾವರಿ ತಂದರೆ ಏನಾಗುತ್ತದೆ ಎಂಬ ಪಾಠ ನಮ್ಮ ನಾಡಿಗೆ ಆಗಲೇ ಆಗಿದೆ.

ಬೆಣ್ಣಿಹಳ್ಳ ಮತ್ತು ಮಲಪ್ರಭೆಯ ದಂಡೆಯ ಊರುಗಳಲ್ಲಿ ನೆರೆ ಇಳಿದ ಮೇಲೆ ತಗ್ಗುಗಳಲ್ಲಿ ನೀರು ಉಳಿಯುತ್ತದೆ. 2009 ಮತ್ತು 2019ರ ನೆರೆಗಳನ್ನು ಕಂಡ ಕೊಣ್ಣೂರು, ಹೊಳೆಆಲೂರು ಕಡೆಯ ರೈತರಿಗೆ ಇದನ್ನು ಹೇಳಬೇಕಾಗಿಲ್ಲ.

ಗಜೇಂದ್ರಗಡದ ಕಡೆ ಗುಡ್ಡ ಮತ್ತು ಒಣ ಭೂಮಿ. ಅಲ್ಲಿ ನೀರು ಕಡಿಮೆ, ಆದ್ದರಿಂದಲೇ ಶೇಖರಣೆ ಹೆಚ್ಚು. ನಳದ ನೀರು ದಿನ ಬಿಟ್ಟು ದಿನ, ಕೆಲವೊಮ್ಮೆ ಹಲವು ದಿನ ಬಿಟ್ಟು ಬರುವಾಗ ಪ್ರತಿ ಮನೆಯಲ್ಲೂ ಹರವಿ, ಬ್ಯಾರಲ್, ಸಿಮೆಂಟಿನ ತೊಟ್ಟಿಗಳು ತುಂಬಿರುತ್ತವೆ. ಮಗ್ಗವಿರುವ ಮನೆಗಳಲ್ಲಿ ಹಗಲೆಲ್ಲ ಕುಳಿತು ನೇಯುವವರಿಗೆ ಹಗಲಿನಲ್ಲಿಯೇ ಕಚ್ಚುವ ಈಡಿಸ್ ಸೊಳ್ಳೆಯ ಕಾಟ ಹೆಚ್ಚು. ಡೆಂಗ್ಯೂ, ಚಿಕೂನ್‌ಗುನ್ಯಾಗಳನ್ನು ಹರಡುವುದು ಇದೇ ಸೊಳ್ಳೆ. ನೀರಿನ ಬರ ಇರುವಲ್ಲಿ ಸೊಳ್ಳೆಯ ಬರ ಇರುತ್ತದೆಂದು ತಿಳಿಯುವುದು ತಪ್ಪು.

ಮೂರೂ ಕಡೆ ಸಾಮಾನ್ಯವಾಗಿ ಕಾಣುವ ತಾಣಗಳೆಂದರೆ ಕೃಷಿ ಹೊಂಡ, ದನದ ನೀರಿನ ಡೋಣಿ, ಬಳಸದ ಬಾವಿ, ಊರ ಗಟಾರು, ನೀರು ಸೇರಿದ ಹಳೆಯ ಹಗೇವು ಮತ್ತು ಹಿತ್ತಲಲ್ಲಿ ಬಿದ್ದ ಟೈರುಗಳು. ಗಟಾರಿನ ಕೊಳಕು ನೀರಿನಲ್ಲಿ ಬೆಳೆಯುವುದು ಆನೆಕಾಲು ರೋಗ ಹರಡಬಲ್ಲ ಕ್ಯೂಲೆಕ್ಸ್ ಸೊಳ್ಳೆ.

ಇನ್ನೊಂದು ಸಂಗತಿ. ನಮ್ಮ ಜನರು ಕಟ್ಟಡ ಕೆಲಸಕ್ಕೆಂದು ಗೋವಾ, ಮಂಗಳೂರಿನ ಕಡೆ ಹೋಗಿ ಬರುತ್ತಾರೆ. ಮಲೇರಿಯಾ ಹಿಂದಿಗಿಂತ ಬಹಳ ಇಳಿದಿದೆ ನಿಜ. ಆದರೆ ರಕ್ತದಲ್ಲಿ ರೋಗಾಣುವನ್ನು ಹೊತ್ತು ಒಬ್ಬರು ಊರಿಗೆ ಮರಳಿದರೂ, ಆ ಊರಿನಲ್ಲಿ ಅನಾಫಿಲಿಸ್ ಸೊಳ್ಳೆ ಹುಟ್ಟುವ ತಾಣವಿದ್ದರೆ ರೋಗ ಮತ್ತೆ ಬೇರೂರಬಹುದು.

ಒಣ ಹೊಳೆಯಲ್ಲಿ ಸಿಕ್ಕ ದುಂಡಾಣು

ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ದುಂಡಾಣುವನ್ನು ನಾವು ಚಿಕ್ಕದಾಗಿ ಬಿಟಿ ಎನ್ನುತ್ತೇವೆ. 1901ರಲ್ಲಿ ಜಪಾನಿನ ಇಷಿವಾಟ ಎಂಬ ವಿಜ್ಞಾನಿ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ ಇದನ್ನು ಕಂಡರು. ಕೆಲವು ವರ್ಷಗಳ ನಂತರ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಹುಳುವಿನಲ್ಲಿ ಇದನ್ನು ಪಡೆದು, ಥುರಿಂಜಿಯಾ ಪ್ರಾಂತದ ಹೆಸರನ್ನು ಇದಕ್ಕೆ ಇಟ್ಟರು. ಬಹಳ ಕಾಲ ಇದು ಪತಂಗ ಜಾತಿಯ ಹುಳುಗಳನ್ನು ಮಾತ್ರ ಕೊಲ್ಲುತ್ತದೆಂದು ನಂಬಲಾಗಿತ್ತು.

1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಗೋಲ್ಡ್‌ಬರ್ಗ್ ಮತ್ತು ಮಾರ್ಗಲಿತ್ ಎಂಬ ವಿಜ್ಞಾನಿಗಳು ಬತ್ತಿದ ಹೊಳೆಯ ಪಾತ್ರದಲ್ಲಿ ಉಳಿದ ಒಂದು ಸಣ್ಣ ಹೊಂಡವನ್ನು ಪರೀಕ್ಷಿಸಿದರು. ಬೇಸಿಗೆಯಲ್ಲಿ ನಮ್ಮ ಹಳ್ಳಗಳಲ್ಲಿ ಅಲ್ಲಲ್ಲಿ ಉಳಿಯುವ ಮಡುವಿನಂತಹ ಹೊಂಡ ಅದು. ಅದರ ಮೇಲೆ ಸತ್ತ ಸೊಳ್ಳೆಮರಿಗಳು ಹೊದಿಕೆಯಂತೆ ತೇಲುತ್ತಿದ್ದವು. ಆ ಕೆಸರಿನಿಂದ ಬೇರ್ಪಡಿಸಿದ ಬಿಟಿಯ ಹೊಸ ಉಪಜಾತಿಗೆ ಇಸ್ರೇಲೆನ್ಸಿಸ್ ಎಂದು ಹೆಸರಾಯಿತು. ತಜ್ಞರು ಇದನ್ನು ಬಿಟಿಐ ಎಂದು ಕರೆಯುತ್ತಾರೆ. ಜರ್ಮನಿಯ ರೈನ್ ನದಿಯ ಕಣಿವೆಯಲ್ಲಿ 1980ರ ದಶಕದ ಆರಂಭದಿಂದಲೂ ಸೊಳ್ಳೆ ಹತೋಟಿಗೆ ಇದನ್ನು ಬಳಸಲಾಗುತ್ತಿದೆ. ಭಾರತದಲ್ಲಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವು ನಮ್ಮ ದೇಶದ್ದೇ ಆದ ತಳಿಯನ್ನು ಬೇರ್ಪಡಿಸಿ ತಯಾರಿಕೆಯ ವಿಧಾನವನ್ನು ರೂಪಿಸಿದೆ.

ವಿಷ ಕೆಲಸ ಮಾಡುವ ರೀತಿ

ಆಹಾರ ತೀರಿದಾಗ ಈ ದುಂಡಾಣು ತನ್ನೊಳಗೆ ಒಂದು ಬೀಜಾಣುವನ್ನು ಮಾಡಿಕೊಳ್ಳುತ್ತದೆ. ನಮ್ಮ ಕಾಳಿನ ಬೀಜದಂತೆ ಅದು ಕೆಟ್ಟ ಕಾಲವನ್ನು ಕಳೆಯುವ ಉಪಾಯ. ಬೀಜಾಣುವಿನ ಜೊತೆಗೆ ಸಸಾರಜನಕದ ಒಂದು ಹರಳೂ ತಯಾರಾಗುತ್ತದೆ. ವಿಷವಿರುವುದು ಈ ಹರಳಿನಲ್ಲಿ. ನೀರಿನಲ್ಲಿ ಹರಳು ಹಾಗೆಯೇ ಇದ್ದರೆ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಸೊಳ್ಳೆಮರಿಯ ಹೊಟ್ಟೆಗೆ ಹೋದಾಗ ಮಾತ್ರ ಅದು ವಿಷವಾಗುತ್ತದೆ. ಇದು ನಡೆಯುವ ಕ್ರಮ ಹೀಗಿದೆ:

1. ಸೊಳ್ಳೆಮರಿ ಬಾಯಿಯ ಕೂದಲುಗಳಿಂದ ನೀರನ್ನು ಸೋಸಿ ತೇಲುವ ಕಣಗಳನ್ನು ತಿನ್ನುತ್ತದೆ. ಅವುಗಳೊಂದಿಗೆ ಹರಳುಗಳೂ ಒಳಗೆ ಹೋಗುತ್ತವೆ.

2. ಸೊಳ್ಳೆಮರಿಯ ಕರುಳಿನಲ್ಲಿ ಕ್ಷಾರ ಬಹಳ ಹೆಚ್ಚು. ಆ ಕ್ಷಾರದಲ್ಲಿ ಹರಳು ಕರಗುತ್ತದೆ. ಮನುಷ್ಯರ ಜಠರದಲ್ಲಿರುವುದು ಆಮ್ಲ. ಅಲ್ಲಿ ಈ ವಿಷ ಅದೇ ರೀತಿ ಜಾಗೃತವಾಗುವುದಿಲ್ಲ.

3. ಕರಗಿದ ಸಸಾರಜನಕವನ್ನು ಮರಿಯದೇ ಜೀರ್ಣರಸ ತುಂಡರಿಸುತ್ತದೆ. ತುಂಡಾದ ಮೇಲೆ ಅದು ಜಾಗೃತ ವಿಷ.

4. ಈ ವಿಷವು ಕರುಳಿನ ಜೀವಕೋಶಗಳ ಮೇಲಿರುವ ನಿರ್ದಿಷ್ಟ ಹಿಡಿಕೆಗಳಿಗೆ ಅಂಟಿಕೊಂಡು ಕೋಶಗಳಲ್ಲಿ ರಂಧ್ರ ಕೊರೆಯುತ್ತದೆ. ನೀರು ನುಗ್ಗಿ ಕೋಶಗಳು ಉಬ್ಬಿ ಒಡೆಯುತ್ತವೆ. ಮರಿ ಮೇವು ಬಿಡುತ್ತದೆ ಮತ್ತು ಸಾಮಾನ್ಯವಾಗಿ ಒಂದು ದಿನದೊಳಗೆ ಸಾಯುತ್ತದೆ.

ಬೀಗ ಮತ್ತು ಕೀಲಿಕೈಯ ಹೋಲಿಕೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಕೀಲಿಕೈ ವಿಷದ್ದು, ಬೀಗ ಸೊಳ್ಳೆಮರಿಯ ಕರುಳಿನದು. ದನ, ಕುರಿ, ಕೋಳಿ, ಮೀನು ಮತ್ತು ಮನುಷ್ಯರ ಕರುಳಿನಲ್ಲಿ ಆ ಬೀಗವಿಲ್ಲ. ಆದುದರಿಂದ ಸರಿಯಾದ ಪ್ರಮಾಣದಲ್ಲಿ ಉಪಯೋಗಿಸಿದಾಗ ಇವುಗಳಿಗೆ ಅಪಾಯವಿಲ್ಲ. ಸೊಳ್ಳೆಯ ಹತ್ತಿರದ ಬಳಗವಾದ ಕಪ್ಪು ನೊಣದ ಮರಿಗಳೂ, ಪ್ರಮಾಣ ಹೆಚ್ಚಾದರೆ ಕೆಸರಿನಲ್ಲಿರುವ ಕೆಲವು ಜಾತಿಯ ನುಸಿಗಳ ಮರಿಗಳೂ ಸಾಯುತ್ತವೆ.

ಬಿಟಿಐ ಹರಳಿನಲ್ಲಿ ಮುಖ್ಯವಾಗಿ ನಾಲ್ಕು ವಿಷಗಳಿವೆ. ಅವುಗಳಲ್ಲಿ ಮೂರು ಕ್ರೈ ಎಂಬ ಗುಂಪಿನವು, ಒಂದು ಸೈಟ್ ಎಂಬ ಗುಂಪಿನದು. ಸೈಟ್ ವಿಷ ತಾನಾಗಿ ಅಷ್ಟು ಬಲವಾದುದಲ್ಲ. ಆದರೆ ಅದು ಕರುಳಿನ ಕೋಶಕ್ಕೆ ತಾನೇ ಅಂಟಿಕೊಂಡು ಕ್ರೈ ವಿಷಕ್ಕೆ ಹಿಡಿಕೆಯಾಗುತ್ತದೆ. ಮರಿ ತನ್ನ ಒಂದು ಬೀಗವನ್ನು ಬದಲಿಸಿಕೊಂಡರೂ ಇನ್ನೊಂದು ದಾರಿ ಉಳಿದಿರುತ್ತದೆ. ಇಷ್ಟು ವರ್ಷ ಬಳಸಿದರೂ ಬಯಲಿನಲ್ಲಿ ಸೊಳ್ಳೆಗಳು ಬಿಟಿಐಗೆ ಸುಲಭವಾಗಿ ನಿರೋಧ ಶಕ್ತಿ ಪಡೆಯದಿರಲು ಇದೇ ಮುಖ್ಯ ಕಾರಣ.

ಹತ್ತಿಯ ಬಿಟಿ ಬೇರೆ, ಸೊಳ್ಳೆಯ ಬಿಟಿ ಬೇರೆ

ಬಿಟಿ ಎಂಬ ಹೆಸರು ನಮ್ಮ ರೈತರಿಗೆ ಹೊಸದಲ್ಲ. 2002ರಲ್ಲಿ ಅನುಮತಿ ದೊರೆತ ಬಿಟಿ ಹತ್ತಿ ಇಂದು ಎರೆ ಹೊಲಗಳಲ್ಲಿ ಎಲ್ಲೆಡೆ ಕಾಣುತ್ತದೆ. ಕಡಲೆಯ ಕಾಯಿಕೊರಕಕ್ಕೆ ಸಿಂಪಡಿಸುವ ಬಿಟಿ ಪುಡಿಯೂ ಅಂಗಡಿಗಳಲ್ಲಿ ದೊರೆಯುತ್ತದೆ. ಹೆಸರು ಒಂದೇ ಆದುದರಿಂದ ಕೆಲವರು ಕಡಲೆಗೆ ತಂದ ಪುಡಿಯನ್ನೇ ತೊಟ್ಟಿಗೆ ಹಾಕಲು ಯೋಚಿಸುತ್ತಾರೆ. ಇದು ಸರಿಯಲ್ಲ.

ಕಾಯಿಕೊರಕಕ್ಕೆ ಬಳಸುವುದು ಸಾಮಾನ್ಯವಾಗಿ ಕುರ್ಸ್ಟಾಕಿ ಎಂಬ ಉಪಜಾತಿ. ಅದರ ಮುಖ್ಯ ವಿಷಗಳು ಪತಂಗದ ಹುಳುವಿನ ಕರುಳಿಗೆ ಹೊಂದುವಂಥವು. ಸೊಳ್ಳೆಮರಿಯ ಹತೋಟಿಗೆ ಅದನ್ನು ನೆಚ್ಚುವಂತಿಲ್ಲ. ಅದರಂತೆಯೇ ಸೊಳ್ಳೆಯ ಬಿಟಿಐಯನ್ನು ಕಡಲೆಗೆ ಹೊಡೆದರೆ ಹಣ ಹೋಗುತ್ತದೆಯೇ ಹೊರತು ಹುಳು ಹೋಗುವುದಿಲ್ಲ. ಕೊಳ್ಳುವಾಗ ಚೀಟಿಯ ಮೇಲೆ ಉಪಜಾತಿಯ ಹೆಸರನ್ನು ಓದಬೇಕು. ಇಸ್ರೇಲೆನ್ಸಿಸ್ ಎಂದಿದ್ದರೆ ಮಾತ್ರ ಸೊಳ್ಳೆಗೆ.

ಎರಡನೆಯ ದುಂಡಾಣು ಮತ್ತು ಕೊಚ್ಚಿಯ ಪಾಠ

ಸೊಳ್ಳೆಮರಿ ಕೊಲ್ಲುವ ಇನ್ನೊಂದು ದುಂಡಾಣು ಬ್ಯಾಸಿಲಸ್ ಸ್ಫೆರಿಕಸ್. 2007ರಿಂದ ಇದನ್ನು ಲೈಸಿನಿಬ್ಯಾಸಿಲಸ್ ಸ್ಫೆರಿಕಸ್ ಎಂದು ಕರೆಯಲಾಗುತ್ತಿದೆ. ಇದರ ವಿಷ ಎರಡು ಭಾಗಗಳ ಜೋಡಿ. ಒಂದು ಭಾಗ ಕರುಳಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಕೊಲ್ಲುತ್ತದೆ. ಜೋಡೆತ್ತಿನಂತೆ ಎರಡೂ ಕೂಡಿದರೇ ಕೆಲಸ. ಗಟಾರಿನಂತಹ ಕೊಳಕು ನೀರಿನಲ್ಲಿ ಬಿಟಿಐಗಿಂತ ಇದು ಹೆಚ್ಚು ಕಾಲ ಬಾಳುತ್ತದೆ. ಸತ್ತ ಮರಿಗಳ ದೇಹದಲ್ಲಿಯೇ ಮತ್ತೆ ವೃದ್ಧಿಯಾಗುವ ಗುಣವೂ ಇದಕ್ಕಿದೆ. ಕ್ಯೂಲೆಕ್ಸ್ ಮರಿಗಳ ಮೇಲೆ ಇದು ಬಹಳ ಪರಿಣಾಮಕಾರಿ. ಅನಾಫಿಲಿಸ್ ಮೇಲೂ ಕೆಲಸ ಮಾಡುತ್ತದೆ. ಆದರೆ ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟಿ ಮರಿಗಳಿಗೆ ಇದು ತಾಗುವುದಿಲ್ಲವೆಂದೇ ಹೇಳಬಹುದು. ಗೋವಾದ ಪಣಜಿಯಲ್ಲಿ 1990ರ ದಶಕದಲ್ಲಿ ಪಟ್ಟಣದ ಮಲೇರಿಯಾ ಸೊಳ್ಳೆಯ ಮೇಲೆ ಸ್ಫೆರಿಕಸ್ ಅನ್ನು ಪ್ರಯೋಗಿಸಲಾಯಿತು. ನಂತರ ಅದೇ ಗೋವಾದಲ್ಲಿ ಬಿಟಿಐ ಜೊತೆಗೆ ಮರಿ ತಿನ್ನುವ ಮೀನನ್ನೂ ಸೇರಿಸಿ ಒಳ್ಳೆಯ ಫಲ ಪಡೆದರು.

ಆದರೆ ಜೋಡಿ ವಿಷದ ಬಲವೇ ಅದರ ದೌರ್ಬಲ್ಯವೂ ಆಯಿತು. ಕೀಲಿಕೈ ಒಂದೇ ಇದ್ದುದರಿಂದ ಸೊಳ್ಳೆಗೆ ಒಂದೇ ಬೀಗ ಬದಲಿಸಿದರೆ ಸಾಕಾಯಿತು. ಕೇರಳದ ಕೊಚ್ಚಿಯಲ್ಲಿ ಸುಮಾರು ಎರಡು ವರ್ಷ ಸ್ಫೆರಿಕಸ್ ಒಂದನ್ನೇ ಮೇಲಿಂದ ಮೇಲೆ ಸಿಂಪಡಿಸಿದಾಗ ಕ್ಯೂಲೆಕ್ಸ್ ಮರಿಗಳು ಅದನ್ನು ನೂರು ಪಟ್ಟಿಗೂ ಮೀರಿ ತಡೆದುಕೊಳ್ಳುವಂತಾದವು. ಈ ಸಂಗತಿ 1995ರಲ್ಲಿ ಪ್ರಕಟವಾಯಿತು. ಬಿಟಿ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಮರಳಿ ಬಂದುದನ್ನು ಕಂಡ ರೈತರಿಗೆ ಇದರ ಅರ್ಥ ತಟ್ಟನೆ ಹೊಳೆಯುತ್ತದೆ. ಒಂದೇ ಮದ್ದನ್ನು ಬಿಡದೆ ಬಳಸಿದರೆ ಕೀಟ ಅದನ್ನು ಕಲಿತುಕೊಳ್ಳುತ್ತದೆ. ಆದ್ದರಿಂದ ಸ್ಫೆರಿಕಸ್ ಬಳಸುವಲ್ಲಿ ಬಿಟಿಐ ಜೊತೆ ಸರದಿಯ ಮೇಲೆ ಬಳಸುವುದು ಒಳ್ಳೆಯದು.

ಬಳಸುವ ಕ್ರಮ

ಬಿಟಿಐ ಪುಡಿ, ದ್ರವ ಮತ್ತು ಹರಳುಗಳ ರೂಪದಲ್ಲಿ ದೊರೆಯುತ್ತದೆ. ಊರ ಗಟಾರು, ಕೆರೆ, ಸಾರ್ವಜನಿಕ ಬಾವಿಗಳಲ್ಲಿ ಸಿಂಪಡಿಸುವ ಕೆಲಸ ಪುರಸಭೆ, ಗ್ರಾಮ ಪಂಚಾಯತಿ ಮತ್ತು ಆರೋಗ್ಯ ಇಲಾಖೆಗೆ ಸೇರಿದ್ದು. ರೈತರು ತಮ್ಮ ಹೊಂಡ, ತಗ್ಗುಗಳಲ್ಲಿ ಬಳಸುವಾಗ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಮೊದಲು ಮರಿ ಇದೆಯೇ ನೋಡಬೇಕು. ಬಿಳಿಯ ಸೌಟು ಅಥವಾ ತಟ್ಟೆಯಿಂದ ದಡದ ಹತ್ತಿರದ ನೀರನ್ನು ಹತ್ತು ಕಡೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಮರಿ ಇಲ್ಲದ ನೀರಿಗೆ ಮದ್ದು ಬೇಡ.

2. ಮರಿ ಸಣ್ಣದಿದ್ದಾಗ ಹಾಕಬೇಕು. ತತ್ತಿಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ಕೊನೆಯ ಎರಡು ದಿನ ಅದು ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕೋಶವಾಗಿರುತ್ತದೆ. ಕೋಶ ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ಈ ವಿಷಕ್ಕೆ ಸಾಯುವುದೂ ಇಲ್ಲ.

3. ಪ್ರಮಾಣವನ್ನು ನೀರಿನ ಆಳದಿಂದಲ್ಲ, ಮೇಲ್ಮೈಯ ವಿಸ್ತಾರದಿಂದ ಲೆಕ್ಕ ಹಾಕಬೇಕು. ತಯಾರಿಕೆಯಿಂದ ತಯಾರಿಕೆಗೆ ಶಕ್ತಿ ಬೇರೆಯಾಗಿರುವುದರಿಂದ ಚೀಟಿಯ ಮೇಲಿನ ಪ್ರಮಾಣವೇ ಆಧಾರ. ಉದಾಹರಣೆಗೆ, ಚೀಟಿಯಲ್ಲಿ ಹೆಕ್ಟೇರಿಗೆ 5 ಕಿಲೋ ಎಂದಿದ್ದರೆ ಚದರ ಮೀಟರಿಗೆ ಅರ್ಧ ಗ್ರಾಂ ಆಯಿತು. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ ತುಂಬಿದಾಗ 441 ಚದರ ಮೀಟರ್. ಅದಕ್ಕೆ ಸುಮಾರು 220 ಗ್ರಾಂ ಸಾಕು. ಅರ್ಧ ಮೀಟರ್ ಅಗಲ, 100 ಮೀಟರ್ ಉದ್ದದ ಗಟಾರಿಗೆ 25 ಗ್ರಾಂ. ನೀರು ಇಳಿದು ಹೊಂಡದ ಮೇಲ್ಮೈ ಕಿರಿದಾದಾಗ ಪ್ರಮಾಣವನ್ನೂ ಇಳಿಸಬೇಕು.

4. ಬಿಸಿಲು ಈ ವಿಷವನ್ನು ಕೆಡಿಸುತ್ತದೆ. ಆದುದರಿಂದ ಸಂಜೆ ಸಿಂಪಡಿಸುವುದು ಲೇಸು. ಮೊದಲು ಬಕೀಟಿನಲ್ಲಿ ಕಲಸಿ, ಸೋಸಿ, ನಂತರ ಸಿಂಪರಣೆ ಯಂತ್ರಕ್ಕೆ ಹಾಕಬೇಕು. ದಡದ ಹುಲ್ಲಿನ ಅಂಚುಗಳಲ್ಲಿ ಮರಿಗಳು ಹೆಚ್ಚಾಗಿರುವುದರಿಂದ ಅಲ್ಲಿ ಚೆನ್ನಾಗಿ ಬೀಳುವಂತೆ ನೋಡಿಕೊಳ್ಳಬೇಕು.

5. ಕಳೆನಾಶಕ ಅಥವಾ ಬೆಳೆಯ ಕೀಟನಾಶಕ ಬಳಸಿದ ಯಂತ್ರವನ್ನು ಇದಕ್ಕೆ ಉಪಯೋಗಿಸಬಾರದು. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ದುಂಡಾಣುವಿನ ಶಕ್ತಿ ಕುಂದುತ್ತದೆ.

6. ಮರುದಿನ ಮತ್ತು ಮೂರನೆಯ ದಿನ ಮತ್ತೆ ಸೌಟಿನಿಂದ ಪರೀಕ್ಷಿಸಬೇಕು. ಹರಳುಗಳು ಕ್ರಮೇಣ ತಳಕ್ಕೆ ಇಳಿದು ಕೆಸರಿನಲ್ಲಿ ಸೇರುವುದರಿಂದ ಬಿಟಿಐ ಪರಿಣಾಮ ಕೆಲವು ದಿನಗಳಿಂದ ಎರಡು ವಾರದವರೆಗೆ ಮಾತ್ರ. ಮರಿ ಮತ್ತೆ ಕಂಡರೆ ಮತ್ತೆ ಹಾಕಬೇಕು.

7. ಪುಡಿ ಕಣ್ಣಿಗೆ, ಉಸಿರಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಬೇಕು. ಉಳಿದುದನ್ನು ತಂಪಾದ, ಒಣಗಿದ ಜಾಗದಲ್ಲಿ ಮಕ್ಕಳಿಗೆ ಸಿಗದಂತೆ ಇಡಬೇಕು. ಅವಧಿ ಮುಗಿದುದನ್ನು ಕೊಳ್ಳಬಾರದು.

ಹೊಲದ ಕೀಟನಾಶಕವನ್ನು ನೀರಿಗೆ ಹಾಕಬೇಡಿರಿ

ಸೊಳ್ಳೆಯ ಕಾಟ ತಾಳಲಾರದೆ ಹತ್ತಿಗೆ, ಮೆಣಸಿನಗಿಡಕ್ಕೆ ತಂದು ಉಳಿದ ಕೀಟನಾಶಕವನ್ನು ಹೊಂಡಕ್ಕೋ ಗಟಾರಿಗೋ ಸುರಿಯುವುದು ಅತ್ಯಂತ ಅಪಾಯದ ಕೆಲಸ. ಅದೇ ಹೊಂಡದ ನೀರನ್ನು ದನ ಕುಡಿಯುತ್ತದೆ. ಗಟಾರಿನ ನೀರು ಹಳ್ಳ ಸೇರುತ್ತದೆ. ಇಂತಹ ವಿಷವು ಸೊಳ್ಳೆಮರಿಯ ಜೊತೆಗೆ ಅದನ್ನು ತಿನ್ನುವ ಮೀನು, ಕಪ್ಪೆಮರಿ ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ಸೊಳ್ಳೆ ಮರಳುತ್ತದೆ, ಆದರೆ ಶತ್ರುಗಳು ಅಷ್ಟು ಬೇಗ ಮರಳುವುದಿಲ್ಲ. ದುಂಡಾಣುವಿನ ದೊಡ್ಡ ಗುಣವೆಂದರೆ ಅದು ಈ ಮಿತ್ರರನ್ನು ಉಳಿಸುತ್ತದೆ.

ದುಂಡಾಣು ಬೇಕಾಗದ ಕಡೆ

ಎಲ್ಲಕ್ಕೂ ದುಂಡಾಣುವೇ ಬೇಕೆಂದಿಲ್ಲ. ಖರ್ಚಿಲ್ಲದೆ ಆಗುವ ಕೆಲಸವನ್ನು ಮೊದಲು ಮಾಡಬೇಕು.

ಮನೆಯ ಹರವಿ, ಬ್ಯಾರಲ್, ತೊಟ್ಟಿ: ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಒಣಗಿಸಿ ತುಂಬಬೇಕು. ಈಡಿಸ್ ಸೊಳ್ಳೆ ತತ್ತಿಯನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಅದು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ತಿಕ್ಕಲೇಬೇಕು. ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಬೇಕು. ಕುಡಿಯುವ ನೀರಿಗೆ ಬಿಟಿಐ ಬಳಸಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆಯಾದರೂ, ಆ ಉದ್ದೇಶಕ್ಕೆಂದೇ ತಯಾರಾದುದನ್ನು ಆರೋಗ್ಯ ಸಿಬ್ಬಂದಿಯ ಮೂಲಕವೇ ಹಾಕಿಸಬೇಕು. ಸಾದಾ ಪುಡಿಯನ್ನು ಕುಡಿಯುವ ನೀರಿಗೆ ಹಾಕಬಾರದು.

ದನದ ಡೋಣಿ: ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಕು.

ಬಾವಿ ಮತ್ತು ವರ್ಷವಿಡೀ ನೀರಿರುವ ಹೊಂಡ: ಗಪ್ಪಿ ಮೀನು ಒಳ್ಳೆಯದು. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರ ಪ್ರದೇಶದ ಬಾವಿ, ಹೊಂಡಗಳಲ್ಲಿ ಮೀನು ಬಿಟ್ಟು ಮಲೇರಿಯಾವನ್ನು ಇಳಿಸಿದುದು ನಮ್ಮ ರಾಜ್ಯದ್ದೇ ಉದಾಹರಣೆ. ಬಿಟಿಐ ಮೀನನ್ನು ಕೊಲ್ಲದ ಕಾರಣ ಎರಡನ್ನೂ ಜೊತೆಗೆ ಬಳಸಬಹುದು. ಬೇಸಿಗೆಯಲ್ಲಿ ಬತ್ತುವ ಹೊಂಡದಲ್ಲಿ ಮೀನು ಉಳಿಯುವುದಿಲ್ಲ. ಅಲ್ಲಿಯೇ ದುಂಡಾಣುವಿನ ನಿಜವಾದ ಉಪಯೋಗ. ಗಪ್ಪಿಯನ್ನು ಹಳ್ಳ, ಹೊಳೆಗಳಿಗೆ ಬಿಡಬಾರದು. ಅದು ಅಲ್ಲಿನ ನಾಡಮೀನುಗಳಿಗೆ ತೊಂದರೆ ಕೊಡುತ್ತದೆ.

ಹಗೇವು, ತಗ್ಗು, ಟೈರು: ಬಳಕೆಯಲ್ಲಿಲ್ಲದ ಹಗೇವನ್ನು ಮಣ್ಣು ತುಂಬಿ ಗಟ್ಟಿಗೊಳಿಸಬೇಕು. ನರಗುಂದ ಪಟ್ಟಣದಲ್ಲಿ ನೆಲ ಕುಸಿದುದನ್ನು ಕಂಡವರಿಗೆ ಇದರಿಂದ ಇಮ್ಮಡಿ ಲಾಭ. ಟೈರುಗಳನ್ನು ನೀರು ನಿಲ್ಲದಂತೆ ಒಳಗಿಡಬೇಕು.

ಕಾಲುವೆಯ ಹೊಲ: ಇಲ್ಲಿ ಮದ್ದಿಗಿಂತ ಗುದ್ದಲಿ ಮೇಲು. ಹೊಲಗಾಲುವೆಯ ಹೂಳು, ಜೇಕು ತೆಗೆಯುವುದು, ಬಸಿಗಾಲುವೆಯನ್ನು ಕೆಳಗಿನ ಹೊಲದವರೊಂದಿಗೆ ಕೂಡಿ ಸ್ವಚ್ಛ ಮಾಡುವುದು, ಸಾಲು ಬಿಟ್ಟು ಸಾಲಿಗೆ ಅಳತೆಯಿಂದ ನೀರು ಕೊಡುವುದು, ಇವುಗಳಿಂದ ಸೊಳ್ಳೆಯೂ ತಗ್ಗುತ್ತದೆ, ಭೂಮಿ ಸವಳಾಗುವುದೂ ತಪ್ಪುತ್ತದೆ.

ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಬಿಟಿಐ ಹಾಕಿದ ಹೊಂಡದ ನೀರನ್ನು ಬೆಳೆಗೆ ಹಾಯಿಸಬಹುದೇ?
ಹಾಯಿಸಬಹುದು. ಬೆಳೆಗೆ, ಮಣ್ಣಿಗೆ ಇದರಿಂದ ತೊಂದರೆ ಇಲ್ಲ.

ಹಾರುವ ಸೊಳ್ಳೆ ಇದರಿಂದ ಸಾಯುತ್ತದೆಯೇ?
ಇಲ್ಲ. ಹಾರುವ ಸೊಳ್ಳೆ ಈ ಹರಳುಗಳನ್ನು ತಿನ್ನುವುದಿಲ್ಲ. ಅದಕ್ಕೆ ಸೊಳ್ಳೆಪರದೆ, ಕಿಟಕಿಯ ಜಾಳಿಗೆ ಬೇಕೇ ಬೇಕು.

ನಾನೊಬ್ಬನೇ ಹಾಕಿದರೆ ಸಾಕೇ?
ಸಾಲದು. ಪಕ್ಕದ ಹಿತ್ತಲಲ್ಲಿ ಹುಟ್ಟಿದ ಸೊಳ್ಳೆಗೆ ನಿಮ್ಮ ಬೇಲಿ ಅಡ್ಡಿಯಲ್ಲ. ಓಣಿಯವರೆಲ್ಲ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಅಂದು ಎಲ್ಲರೂ ತೊಟ್ಟಿ ತೊಳೆದರೆ ಮಾತ್ರ ಫಲ ಕಾಣುತ್ತದೆ.

ಜ್ವರ ಬಂದರೆ ಏನು ಮಾಡಬೇಕು?
ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಪರವೂರಿನಿಂದ ಬಂದವರು ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ರೈತ ಬಾಂಧವರೇ, ಈ ದುಂಡಾಣು ಒಳ್ಳೆಯ ಆಳು. ಹೇಳಿದ ಕೆಲಸವನ್ನು ಮಾತ್ರ ಮಾಡುತ್ತದೆ, ಬೇರೆಯವರ ತಂಟೆಗೆ ಹೋಗುವುದಿಲ್ಲ. ಆದರೆ ಆಳಿದ್ದಾನೆಂದು ಒಡೆಯ ಮಲಗಿದರೆ ಬೇಸಾಯ ಸಾಗುವುದಿಲ್ಲ. ಮೊದಲ ಮಳೆ ಬಿದ್ದ ಏಳನೆಯ ದಿನದೊಳಗೆ ನಿಮ್ಮ ಹೊಂಡ, ಡೋಣಿ, ಹಿತ್ತಲುಗಳನ್ನು ಒಮ್ಮೆ ಸುತ್ತಿ ನೋಡಿರಿ. ಬಿತ್ತನೆಯ ಸಿದ್ಧತೆಯಲ್ಲಿ ಇದೂ ಒಂದು ಕೆಲಸವೆಂದು ತಿಳಿಯಿರಿ.